ದೇವಾಸದ ಮನೆಯಲ್ಲಿ ಬೆಳಗಾವಿಯ ಗಾಯಕ

ಕುಮಾರ ಗಂಧರ್ವರ ಹುಟ್ಟುಹೆಸರು ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಅವರು ಬಾಲ್ಯದಲ್ಲೇ ಮುಂಬಯಿಗೆ ಹೋಗಿ ಬಿ.ಆರ್. ದೇವಧರರ ಬಳಿ ಸಂಗೀತ ಕಲಿತರು.

1947ರಲ್ಲಿ ಭಾನುಮತಿಯವರೊಡನೆ ಮದುವೆಯಾಯಿತು. ಅಷ್ಟರಲ್ಲೇ ಕ್ಷಯ ಅಂಟಿಕೊಂಡಿತು. ಒಣಹವೆ ಒಳ್ಳೆಯದೆಂದು 1948ರಲ್ಲಿ ದಂಪತಿ ಮಧ್ಯಪ್ರದೇಶದ ದೇವಾಸಕ್ಕೆ ಬಂದರು. ಹಾಡಬಾರದೆಂಬುದು ವೈದ್ಯರ ಕಟ್ಟಪ್ಪಣೆ. ಹಾಡುಗಾರನಿಗೆ ಇದಕ್ಕಿಂತ ಕಠಿಣ ಪಥ್ಯವಿಲ್ಲ. ಭಾನುಮತಿ ದುಡಿದು ಸಂಸಾರ ಸಾಗಿಸುತ್ತ ಗಂಡನ ಆರೈಕೆ ಮಾಡಿದರು. ಹಾಸಿಗೆ ಹಿಡಿದಿದ್ದಾಗ ಕಿವಿಗೆ ಬಿದ್ದ ಮಾಳವದ ಜನಪದ ಧಾಟಿಗಳೇ ಮುಂದೆ ಅವರ ಹೊಸ ರಾಗಗಳಿಗೆ, ನಿರ್ಗುಣ ಭಜನೆಗಳಿಗೆ ಬೇರಾದವು. ಸ್ಟ್ರೆಪ್ಟೊಮೈಸಿನ್ ಔಷಧದಿಂದ ಗುಣವಾಗಿ, 1950ರ ದಶಕದಲ್ಲಿ ಅವರು ಮತ್ತೆ ವೇದಿಕೆ ಏರಿದರು.

1961ರಲ್ಲಿ ಹೆರಿಗೆಯ ವೇಳೆ ಭಾನುಮತಿ ತೀರಿಕೊಂಡರು. ಬಳಿಕ ಕೈಹಿಡಿದ ವಸುಂಧರಾ ಅವರೂ ಗಾಯಕಿ, ಅನೇಕ ಕಛೇರಿಗಳಲ್ಲಿ ಪತಿಯ ಜೊತೆ ಹಾಡಿದರು. ಮಗ ಮುಕುಲ್, ಮಗಳು ಕಲಾಪಿನಿ, ಮೊಮ್ಮಗ ಭುವನೇಶ ಎಲ್ಲರೂ ಗಾಯಕರೇ. 1990ರಲ್ಲಿ ಪದ್ಮವಿಭೂಷಣ ಬಂತು. ಕುಮಾರರು 1992ರ ಜನವರಿ 12ರಂದು ದೇವಾಸದಲ್ಲೇ ನಿಧನರಾದರು. ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರ ತವರು ಜಿಲ್ಲೆಯಲ್ಲಿ ಅವರ ಹೆಸರನ್ನು ಉಳಿಸಿದೆ.