ಗಂಜಿಯೊಂದೇ ಸಾಕೆ?

"ಅಜ್ಜಿಗೆ ವಯಸ್ಸಾಯ್ತು. ಒಂದು ಲೋಟ ಗಂಜಿ ಕೊಟ್ರೆ ಸಾಕು."

ಈ ಮಾತನ್ನು ನೀವೂ ಕೇಳಿರಬಹುದು. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಈ ಮಾತು ಸರಿಯೇ? ಬನ್ನಿ, ತಿಳಿದುಕೊಳ್ಳೋಣ.

ಸ್ವಾತಂತ್ರ್ಯ ಬಂದ ಕಾಲದಲ್ಲಿ ನಮ್ಮ ದೇಶದ ಜನರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಆಗ ಎಳೆಯ ಮಕ್ಕಳೇ ಬಹಳ ಸಾಯುತ್ತಿದ್ದರು. ಈಗ ಅದು ಸುಮಾರು 70 ವರ್ಷ. ಆಯುಷ್ಯ ಹೆಚ್ಚಿತು. ಆದರೆ ಹಾಸಿಗೆ ಹಿಡಿದು ಬದುಕಿದರೆ ಏನು ಸುಖ? ಎದ್ದು ಓಡಾಡಿಕೊಂಡು ಬದುಕಬೇಕು. ಅದಕ್ಕೆ ಒಳ್ಳೆಯ ಊಟ ಬೇಕು.

ವಯಸ್ಸಾದಂತೆ ದೇಹದ ಮಾಂಸಖಂಡ ಕರಗುತ್ತದೆ. ಮೂಳೆ ಸವೆಯುತ್ತದೆ. ಕಾಲಿನಲ್ಲಿ ಬಲ ಇರುವುದಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದರೆ ಸೊಂಟದ ಹತ್ತಿರ ಮೂಳೆ ಮುರಿಯುತ್ತದೆ. ಹೀಗೆ ಮಲಗಿದ ಎಷ್ಟೋ ಜನ ಮತ್ತೆ ಮೊದಲಿನಂತೆ ನಡೆಯುವುದೇ ಇಲ್ಲ.

ಹಿರಿಯರು ದುಡಿಯುವುದು ಕಡಿಮೆ. ಆದ್ದರಿಂದ ಅನ್ನ, ಮುದ್ದೆ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. ಆದರೆ ಬೇಳೆ, ಕಾಳು, ಹಾಲು, ಸೊಪ್ಪು ಕಡಿಮೆ ಆಗಬಾರದು. ಬರೀ ಅಕ್ಕಿ ಗಂಜಿಯಲ್ಲಿ ಇವು ಯಾವುವೂ ಇಲ್ಲ.

ಮಾಂಸಖಂಡಕ್ಕೆ ಪ್ರೋಟೀನು ಬೇಕು. ಬೇಳೆ, ಹೆಸರುಕಾಳು, ಹುರುಳಿ, ಕಡಲೆಕಾಯಿ, ಹಾಲು, ಮೊಸರು, ಮೊಟ್ಟೆ, ಮೀನಿನಲ್ಲಿ ಇದು ಸಿಗುತ್ತದೆ.

ಮೂಳೆಗೆ ಕ್ಯಾಲ್ಸಿಯಂ ಎಂಬ ಸುಣ್ಣದ ಅಂಶ ಬೇಕು. 100 ಗ್ರಾಂ ರಾಗಿಯಲ್ಲಿ ಇದು ಸುಮಾರು 350 ಮಿಲಿಗ್ರಾಂ ಇದೆ. ಅಷ್ಟೇ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿಲಿಗ್ರಾಂ ಮಾತ್ರ! ನುಗ್ಗೆಸೊಪ್ಪಿನಲ್ಲೂ ಇದೆ. ಮೈಗೆ ಸ್ವಲ್ಪ ಬಿಸಿಲೂ ಬೀಳಬೇಕು. ಆಗ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ.

"ಹಲ್ಲಿಲ್ಲ, ಏನು ತಿಂತಾರೆ?" ಎನ್ನಬೇಡಿ. ಬೇಳೆ, ಸೊಪ್ಪನ್ನು ನುಣ್ಣಗೆ ಬೇಯಿಸಿ ಮಸೆಯಿರಿ. ಕಡಲೆಕಾಯಿ ಹುರಿದು ಪುಡಿ ಮಾಡಿ. ಗಂಜಿಯನ್ನೇ ಕೊಡುವುದಾದರೆ ರಾಗಿ ಹಿಟ್ಟು, ಹೆಸರುಬೇಳೆ, ಹಾಲು ಸೇರಿಸಿ ಕೊಡಿ. ಒಂದೇ ಸಲ ಬೇಡ, ಸ್ವಲ್ಪ ಸ್ವಲ್ಪ ನಾಲ್ಕೈದು ಸಲ ಕೊಡಿ.

ಇನ್ನೂ ಕೆಲವು ಮಾತು ನೆನಪಿಡಿ:

1. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ. ಕೇಳದಿದ್ದರೂ ನೀರು, ಮಜ್ಜಿಗೆ ಕೊಡಿ.

2. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ಅಂದರೆ ಒಂದು ಚಿಕ್ಕ ಚಮಚ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರಲ್ಲೇ ಸೇರಿತು. ಉಪ್ಪು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ.

3. ಊಟವಾದ ಕೂಡಲೇ ಟೀ ಕುಡಿಯಬಾರದು. ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸೊಪ್ಪಿಗೆ ನಿಂಬೆರಸ ಹಿಂಡಿದರೆ ಚೆನ್ನಾಗಿ ಹತ್ತುತ್ತದೆ.

4. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇದ್ದವರು ಏನು ತಿನ್ನಬೇಕೆಂದು ಡಾಕ್ಟರನ್ನು ಕೇಳಬೇಕು. ಕಾರಣವಿಲ್ಲದೆ ತೂಕ ಇಳಿದರೂ ಆಸ್ಪತ್ರೆಗೆ ಹೋಗಬೇಕು.

ಅಕ್ಕಂದಿರೇ, ನಿಮಗೂ ಒಂದು ಮಾತು. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದ ಸಾರು ನಿಮ್ಮ ಪಾಲಿಗೆ ಬರುತ್ತದೆ. ಬೇಳೆ ಆಗಲೇ ಮುಗಿದಿರುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ಇಂದಿನ ಊಟವೇ ನಾಳೆಯ ಮುಪ್ಪಿಗೆ ಆಸರೆ. ನಿಮ್ಮ ಪಾಲಿನ ಬೇಳೆ, ಸೊಪ್ಪನ್ನು ಮೊದಲೇ ತೆಗೆದಿಡಿ.

ಹೇಳಿ ನೋಡೋಣ:

ನಿಮ್ಮ ಮನೆಯ ಹಿರಿಯರು ನಿನ್ನೆ ಏನೇನು ಉಂಡರು? ಅದರಲ್ಲಿ ಬೇಳೆ ಇತ್ತೇ? ಸೊಪ್ಪು ಇತ್ತೇ?