ನಿಮಗಿದು ಗೊತ್ತೇ? ಬೇಸಿಗೆಯಲ್ಲಿ ನಾರ್ವೆಗೆ ಹೊರಟವರಿಗೆ

ನಮ್ಮ ಶಾಲೆಗಳ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನಾರ್ವೆಯಲ್ಲಿ ಬೇಸಿಗೆ ಆಗಷ್ಟೇ ಕಣ್ಣು ಬಿಡುತ್ತಿರುತ್ತದೆ, ಗೊತ್ತೇ? ಏಪ್ರಿಲ್ ಕೊನೆಯಲ್ಲಿ ಅಲ್ಲಿನ ಎತ್ತರದ ಬೆಟ್ಟದ ರಸ್ತೆಗಳಲ್ಲಿ ಹಲವು ಇನ್ನೂ ಹಿಮ ಹೊದ್ದು ಮಲಗಿರುತ್ತವೆ. ಹಿಮ ಸರಿಸಿ ಅವನ್ನು ತೆರೆಯುವುದು ಮೇ ಕೊನೆಗೋ ಜೂನ್‌ನಲ್ಲೋ. ಆದ್ದರಿಂದ ಯಾವ ಊರು ಎಂದು ಪಟ್ಟಿ ಬರೆಯುವ ಮೊದಲು ಯಾವ ವಾರ ಎಂದು ತೀರ್ಮಾನಿಸಿ. ಒಂದೇ ಜಾಗ ಕೆಲವೇ ವಾರಗಳ ಅಂತರದಲ್ಲಿ ಬೇರೆಯೇ ಆಗಿಬಿಡುವ ದೇಶ ಅದು.

ಹಾಗೆಂದು ಮೇ ತಿಂಗಳನ್ನು ಕೈಬಿಡಬೇಕಿಲ್ಲ. ಕಡಲು ಕಣಿವೆಯೊಳಗೆ ನುಗ್ಗಿ ಬಂದ ಫ್ಯೋರ್ಡ್‌ಗಳಲ್ಲಿ ಒಂದಾದ ಹಾರ್ಡಾಂಗರ್‌ನ ದಡದಲ್ಲಿ ಸೇಬಿನ ತೋಟಗಳು ಹೂ ಬಿಡುವುದು ಮೇ ತಿಂಗಳ ಎರಡನೇ ಅರ್ಧದಲ್ಲಿ. ಮೇಲೆ ಹಿಮ, ಕೆಳಗೆ ನೀರು, ನಡುವೆ ಬಿಳಿ ಹೂವಿನ ಸಾಲು. ಹಿಮ ಕರಗಿ ಜಲಪಾತಗಳು ಭೋರ್ಗರೆಯುವುದೂ ಮೇ, ಜೂನ್ ತಿಂಗಳಲ್ಲೇ. ಜೊತೆಗೆ ಮೇ 17 ಅವರ ರಾಷ್ಟ್ರೀಯ ದಿನ; 1814ರಲ್ಲಿ ಐಡ್ಸ್‌ವೋಲ್ ಎಂಬಲ್ಲಿ ಸಂವಿಧಾನಕ್ಕೆ ಸಹಿ ಬಿದ್ದ ದಿನ. ಅಂದಿನ ಮೆರವಣಿಗೆ ಶಾಲಾ ಮಕ್ಕಳದ್ದು. ಓಸ್ಲೊ ಅರಮನೆಯ ಮುಂದೆ ಸಾವಿರಾರು ಮಕ್ಕಳು ಬಾವುಟ ಹಿಡಿದು ಸಾಗುತ್ತಾರೆ, ಬಾಲ್ಕನಿಯಲ್ಲಿ ರಾಜ ಕುಟುಂಬ ನಿಂತು ಕೈಬೀಸುತ್ತದೆ. ಅಂದು ಅಂಗಡಿಗಳು ಮುಚ್ಚಿರುತ್ತವೆ ಎಂಬುದು ನೆನಪಿರಲಿ.

ಜುಲೈನ ಕೊನೆಯ ಮೂರು ವಾರ ನಾರ್ವೆಯವರೇ ಒಟ್ಟಾಗಿ ರಜೆ ಹಾಕುವ ಕಾಲ. ಫ್ಯೋರ್ಡ್ ಸೀಮೆಯ ಕೋಣೆಗಳು, ರೈಲಿನ ಆಸನಗಳು, ಬಾಡಿಗೆ ಕಾರುಗಳು ಬೇಗ ತುಂಬುತ್ತವೆ. ಜುಲೈನಲ್ಲೇ ಹೋಗಬೇಕಾದವರು ಚಳಿಗಾಲದಲ್ಲೇ ಕಾಯ್ದಿರಿಸುವುದು ಒಳ್ಳೆಯದು.

ಮಧ್ಯರಾತ್ರಿಯ ಸೂರ್ಯ ನಾರ್ವೆಯಲ್ಲೆಲ್ಲಾ ಕಾಣುವುದಿಲ್ಲ ಎಂಬುದು ಗೊತ್ತೇ? ಓಸ್ಲೊದಲ್ಲೂ ಬರ್ಗೆನ್‌ನಲ್ಲೂ ಸೂರ್ಯ ಮುಳುಗುತ್ತಾನೆ. ಜೂನ್ 21ರ ಸುಮಾರಿಗೆ ಓಸ್ಲೊದಲ್ಲಿ ಅವನು ರಾತ್ರಿ ಹತ್ತೂಮುಕ್ಕಾಲರವರೆಗೆ ಇದ್ದು, ಬೆಳಗಿನ ನಾಲ್ಕಕ್ಕೆ ಮುನ್ನವೇ ಮರಳಿ ಬಂದಿರುತ್ತಾನೆ. ಪೂರ್ತಿ ಮುಳುಗದ ಸೂರ್ಯನನ್ನು ಕಾಣಲು ಆರ್ಕ್‌ಟಿಕ್ ವೃತ್ತ ದಾಟಬೇಕು. ಬೂಡೊದಲ್ಲಿ ಜೂನ್ ಮೊದಲ ವಾರದಿಂದ ಜುಲೈ ಎರಡನೇ ವಾರದವರೆಗೆ, ಲೊಫೊಟೆನ್ ದ್ವೀಪಗಳಲ್ಲಿ ಮೇ ಕೊನೆಯಿಂದ ಜುಲೈ ಮಧ್ಯದವರೆಗೆ, ಟ್ರೊಮ್ಸೊದಲ್ಲಿ ಸುಮಾರು ಮೇ 20ರಿಂದ ಜುಲೈ 22ರವರೆಗೆ, ನಾರ್ತ್ ಕೇಪ್‌ನಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಅವನು ದಿಗಂತದ ಮೇಲೆಯೇ ಇರುತ್ತಾನೆ. ಉತ್ತರಕ್ಕೆ ಹೋದಷ್ಟೂ ಅವಧಿ ಹಿಗ್ಗುತ್ತದೆ. ವಿಮಾನದ ಟಿಕೆಟ್ ತೆಗೆಯುವ ಮುನ್ನ ಈ ತಾರೀಕುಗಳನ್ನು ಎದುರಿಗಿಟ್ಟುಕೊಳ್ಳಿ.

ಮಧ್ಯರಾತ್ರಿಯ ಹೊತ್ತಿನಲ್ಲಿ ಸೂರ್ಯ ಇರುವುದು ಯಾವ ದಿಕ್ಕಿನಲ್ಲಿ? ಉತ್ತರದಲ್ಲಿ! ದಿನವಿಡೀ ಆಕಾಶವನ್ನು ಸುತ್ತು ಹಾಕುವ ಅವನು ಅತ್ಯಂತ ಕೆಳಗಿಳಿಯುವುದು ಸರಿಯಾಗಿ ಉತ್ತರಕ್ಕೆ ಬಂದಾಗ. ಅದಕ್ಕೇ ಉತ್ತರಕ್ಕೆ ಬೆಟ್ಟ ಅಡ್ಡವಿರುವ ಊರಿನಲ್ಲಿ ಕೋಣೆ ಹಿಡಿದರೆ ಬೆಳಕಿರುತ್ತದೆಯೇ ಹೊರತು ಸೂರ್ಯ ಕಾಣುವುದಿಲ್ಲ. ಲೊಫೊಟೆನ್‌ನಲ್ಲಿ ಎಗ್ಗುಮ್, ಉಟ್ಟಾಕ್ಲೈವ್‌ನಂಥ, ತೆರೆದ ಕಡಲಿಗೆ ಮುಖ ಮಾಡಿದ ಉತ್ತರದ ಅಂಚಿಗೆ ಜನ ಹೋಗುವುದು ಇದೇ ಕಾರಣಕ್ಕೆ. ಇನ್ನೊಂದು ಸೂಕ್ಷ್ಮ: ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ತಾಸು ಮುಂದಿಟ್ಟಿರುತ್ತಾರೆ. ಹಾಗಾಗಿ ಸೂರ್ಯ ಕನಿಷ್ಠ ಎತ್ತರಕ್ಕೆ ಬರುವುದು ಹನ್ನೆರಡು ಹೊಡೆದಾಗ ಅಲ್ಲ. ಲೊಫೊಟೆನ್‌ನಲ್ಲಿ ರಾತ್ರಿ ಒಂದರ ಆಸುಪಾಸಿಗೆ, ಟ್ರೊಮ್ಸೊದಲ್ಲಿ ಹನ್ನೆರಡೂಮುಕ್ಕಾಲರ ಸುಮಾರಿಗೆ. ಹನ್ನೆರಡಕ್ಕೆ ಫೋಟೊ ತೆಗೆದು ಕೋಣೆಗೆ ಮರಳುವವರು ಒಳ್ಳೆಯ ಬೆಳಕನ್ನು ಬಿಟ್ಟು ಹೋಗುತ್ತಾರೆ.

ಅಂದಹಾಗೆ, ಉತ್ತರ ಧ್ರುವಪ್ರಭೆಯನ್ನೂ ಮಧ್ಯರಾತ್ರಿಯ ಸೂರ್ಯನನ್ನೂ ಒಂದೇ ಪ್ರವಾಸದಲ್ಲಿ ನೋಡಲಾಗದು. ಧ್ರುವಪ್ರಭೆಗೆ ಕತ್ತಲು ಬೇಕು, ಜೂನ್‌ನಲ್ಲಿ ಕತ್ತಲೆಯೇ ಇಲ್ಲ. ಮಲಗಲು ಕಣ್ಣುಪಟ್ಟಿ ಒಯ್ಯಿರಿ. ಮಕ್ಕಳಿದ್ದರೆ ಕೋಣೆಗೆ ದಪ್ಪ ಪರದೆ ಇದೆಯೇ ಎಂದು ಮೊದಲೇ ಕೇಳಿಬಿಡಿ.

ನಾರ್ವೆಯ ನಕ್ಷೆಯನ್ನು ಓಸ್ಲೊ ಬಳಿ ಹಿಡಿದು ದಕ್ಷಿಣಕ್ಕೆ ಮಗುಚಿದರೆ ಅದರ ತುದಿ ರೋಮ್‌ ಹತ್ತಿರ ಹೋಗಿ ಮುಟ್ಟುತ್ತದೆ. ದಕ್ಷಿಣದ ಲಿಂಡೆಸ್ನೆಸ್‌ನಿಂದ ನಾರ್ತ್ ಕೇಪ್‌ಗೆ ರಸ್ತೆಯಲ್ಲಿ 2,500 ಕಿ.ಮೀ.ಗೂ ಹೆಚ್ಚು. ರಷ್ಯಾ ಗಡಿಯ ಬಳಿ ಇರುವ ಕಿರ್ಕೆನೆಸ್ ಪಟ್ಟಣ ಇಸ್ತಾಂಬುಲ್‌ಗಿಂತಲೂ ಪೂರ್ವದಲ್ಲಿದೆ! ಊರಾಚೆಯ ರಸ್ತೆಗಳಲ್ಲಿ ಸಾಮಾನ್ಯ ವೇಗಮಿತಿ ಗಂಟೆಗೆ 80 ಕಿ.ಮೀ. ಮಾತ್ರ, ನಡುವೆ ಫ್ಯೋರ್ಡ್ ದಾಟಲು ಫೆರಿಗಾಗಿ ಕಾಯಬೇಕು. ಒಂದು ವಾರ ಕೈಯಲ್ಲಿದ್ದರೆ ಪಶ್ಚಿಮದ ಫ್ಯೋರ್ಡ್ ಸೀಮೆ ಅಥವಾ ಉತ್ತರದ ದ್ವೀಪಗಳು, ಎರಡರಲ್ಲಿ ಒಂದನ್ನೇ ಆರಿಸಿ ಎಂದು ಒತ್ತಿ ಹೇಳುತ್ತೇನೆ. ಎರಡನ್ನೂ ತುರುಕಿದವರಿಗೆ ಉಳಿಯುವುದು ವಿಮಾನ ನಿಲ್ದಾಣಗಳ ನೆನಪು.

ಸೊಗ್ನೆ ಫ್ಯೋರ್ಡ್ ಕಡಲಿನಿಂದ ಒಳನಾಡಿಗೆ 200 ಕಿ.ಮೀ.ಗೂ ಹೆಚ್ಚು ನುಗ್ಗಿದೆ, ಅದರ ಆಳ 1,300 ಮೀಟರ್ ದಾಟುತ್ತದೆ. ಅಚ್ಚರಿಯೆಂದರೆ ಕಡಲು ಸೇರುವ ಬಾಯಿಯಲ್ಲಿ ಅದು ಬಹಳ ಕಡಿಮೆ ಆಳದ್ದು. ಹಿಮಯುಗದ ಭಾರೀ ಹಿಮನದಿಗಳು ಒಳನಾಡಿನಲ್ಲಿ ಕಣಿವೆಯನ್ನು ಆಳವಾಗಿ ಕೊರೆದವು. ಕರಾವಳಿ ತಲುಪುವಾಗ ತೆಳುವಾಗಿ ಹರಡಿ ಕೊರೆಯುವ ಬಲ ಕಳೆದುಕೊಂಡವು. ಇದರದೇ ಕವಲಾದ ನೆರೊಯ್ ಫ್ಯೋರ್ಡ್ ಅತಿ ಕಿರಿದಾದಲ್ಲಿ 250 ಮೀಟರ್ ಅಗಲ. ಎರಡೂ ಕಡೆ ಬಂಡೆಗೋಡೆ, ಮೇಲೆ ಆಕಾಶದ ಒಂದು ಸೀಳು. ಇದೂ ಗೈರಾಂಗರ್ ಫ್ಯೋರ್ಡ್ ಕೂಡ 2005ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಇವೆರಡರಲ್ಲೂ ಈಗ ವಾಯುಮಾಲಿನ್ಯದ ನಿಯಮಗಳು ಬಿಗಿಯಾಗುತ್ತಿವೆ. ನೆರೊಯ್‌ನಲ್ಲಿ ಬ್ಯಾಟರಿಯಿಂದ ಓಡುವ ದೋಣಿಗಳಿವೆ. ಅವುಗಳಲ್ಲಿ ಕುಳಿತರೆ ಬಂಡೆಯ ಮೇಲಿಂದ ಬೀಳುವ ನೀರಿನ ಸದ್ದೇ ಕೇಳುತ್ತದೆ.

ಆ ದೋಣಿ ಹಿಡಿಯಲು ಜನ ಇಳಿಯುವುದು ಫ್ಲೋಮ್ ರೈಲಿನಲ್ಲಿ. 20 ಕಿ.ಮೀ. ದಾರಿಯಲ್ಲಿ ರೈಲು 866 ಮೀಟರ್ ಕೆಳಗಿಳಿಯುತ್ತದೆ, 20 ಸುರಂಗ ಹಾಯುತ್ತದೆ, ಶೋಸ್ ಜಲಪಾತದ ಎದುರು ನಿಂತು ಪ್ರಯಾಣಿಕರನ್ನು ಇಳಿಯಲು ಬಿಡುತ್ತದೆ. ಮೇಲಿನ ಮಿರ್ಡಾಲ್ ನಿಲ್ದಾಣಕ್ಕೆ ಬರುವ ಓಸ್ಲೊ–ಬರ್ಗೆನ್ ಮಾರ್ಗ 1909ರದ್ದು. ಅದರಲ್ಲಿ 1,222 ಮೀಟರ್ ಎತ್ತರದ ಫಿನ್ಸೆ ಎಂಬ ನಿಲ್ದಾಣಕ್ಕೆ ಕಾರು ಹೋಗುವ ಸಾರ್ವಜನಿಕ ರಸ್ತೆಯೇ ಇಲ್ಲ. ರೈಲು, ಫ್ಲೋಮ್, ದೋಣಿ, ಬಸ್ಸು ಸೇರಿಸಿ ಒಂದೇ ಪ್ಯಾಕೇಜ್ ಆಗಿ ಮಾರುತ್ತಾರೆ. ಬೇಕಿದ್ದರೆ ಒಂದೊಂದು ಟಿಕೆಟನ್ನೂ ಬೇರೆ ಬೇರೆಯಾಗಿ ಕೊಳ್ಳಬಹುದು. ಆಗ ನಡುವಿನ ಊರಲ್ಲಿ ಒಂದು ರಾತ್ರಿ ತಂಗುವ ಸ್ವಾತಂತ್ರ್ಯ ಸಿಗುತ್ತದೆ.

ಬರ್ಗೆನ್–ಓಸ್ಲೊ ರೈಲಿನ ಏಳು ತಾಸಿನ ಇಡೀ ದಾರಿಯನ್ನು 2009ರಲ್ಲಿ ಅಲ್ಲಿನ ಸರ್ಕಾರಿ ಟಿ.ವಿ. ಎನ್‌ಆರ್‌ಕೆ ಪ್ರಸಾರ ಮಾಡಿತು. ಜನ ಕೂತು ನೋಡಿದರು! 2011ರಲ್ಲಿ ಕರಾವಳಿ ಹಡಗಿನ 134 ತಾಸುಗಳ ಪಯಣವನ್ನು ನೇರವಾಗಿ ತೋರಿಸಿದಾಗ ದಡದುದ್ದಕ್ಕೂ ಜನ ಬಂದು ಬಾವುಟ ಬೀಸಿದರು. 1893ರಲ್ಲಿ ಟ್ರೊಂಡ್‌ಹೈಮ್‌ನಿಂದ ಉತ್ತರದ ಊರುಗಳಿಗೆ ಆರಂಭವಾದ ಆ ಹಡಗುಸಾಲು ಇಂದು ಬರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ 34 ಬಂದರುಗಳನ್ನು ಮುಟ್ಟುತ್ತದೆ. ಹೋಗಿಬರಲು 12 ದಿನ. ಅಷ್ಟು ದಿನವಿಲ್ಲದವರು ಬೂಡೊದಿಂದ ಲೊಫೊಟೆನ್‌ಗೆ ಎಂಬಂತೆ ಒಂದು ಬಂದರಿನಿಂದ ಇನ್ನೊಂದಕ್ಕಷ್ಟೇ ಟಿಕೆಟ್ ಕೊಳ್ಳಬಹುದು. ಇದು ಹೆಚ್ಚಿನವರ ಗಮನಕ್ಕೆ ಬಾರದ ಅನುಕೂಲ.

ಕಾರು ಓಡಿಸುವವರಿಗೆ: ಬಲಗಡೆ ಸಂಚಾರ, ಹಾಡುಹಗಲಲ್ಲೂ ಹೆಡ್‌ಲೈಟ್ ಕಡ್ಡಾಯ, ಕುಡಿದು ಓಡಿಸುವ ವಿಷಯದಲ್ಲಿ ಕಾನೂನು ಅತಿ ಕಠಿಣ. ಟೋಲ್ ಕಟ್ಟಲು ಎಲ್ಲೂ ನಿಲ್ಲಬೇಕಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ, ಬಿಲ್ಲು ಆಮೇಲೆ ಬರುತ್ತದೆ. ಔರ್ಲಾಂಡ್‌ನಿಂದ ಲಾರ್ಡಾಲ್‌ಗೆ ಹೋಗುವ 24.5 ಕಿ.ಮೀ. ಸುರಂಗ ಜಗತ್ತಿನ ಅತಿ ಉದ್ದದ ರಸ್ತೆ ಸುರಂಗ. ಚಾಲಕರಿಗೆ ಬೇಸರ, ಮಂಪರು ಬಾರದಿರಲೆಂದು ನಡುವೆ ಮೂರು ಕಡೆ ಗುಹೆಯಂತೆ ಅಗಲಿಸಿ ನೀಲಿ ದೀಪ ಹಾಕಿದ್ದಾರೆ. ಅದೇ ಊರುಗಳ ನಡುವೆ ಬೆಟ್ಟ ಹತ್ತಿಳಿಯುವ ಹಳೆಯ ರಸ್ತೆಯೂ ಇದೆ, ಬೇಸಿಗೆಯಲ್ಲಷ್ಟೇ ತೆರೆಯುತ್ತದೆ. ಸಮಯವಿದ್ದರೆ ಸುರಂಗ ಬಿಟ್ಟು ಅದನ್ನೇ ಹಿಡಿಯಿರಿ. 11 ಹೇರ್‌ಪಿನ್ ತಿರುವುಗಳ ಟ್ರೋಲ್‌ಸ್ಟಿಗನ್ ಘಾಟಿ 1936ರದ್ದು. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಬಂಡೆ ಉರುಳುವ ಭಯದಿಂದ 2024ರ ಬೇಸಿಗೆಯಲ್ಲೂ ಮುಚ್ಚಬೇಕಾಯಿತು. ಹೊರಡುವ ದಿನವೇ ವಿಚಾರಿಸಿಕೊಳ್ಳಿ.

ಲೀಸೆ ಫ್ಯೋರ್ಡ್‌ನ ಮೇಲೆ 604 ಮೀಟರ್ ಎತ್ತರದಲ್ಲಿ ಚಾಚಿರುವ ಪ್ರೈಕೆಸ್ಟೋಲನ್ ಬಂಡೆಗೆ ಬೇಲಿಯೇ ಇಲ್ಲ. ಹೋಗಿಬರಲು ಸುಮಾರು 8 ಕಿ.ಮೀ., ನಾಲ್ಕು ತಾಸು. ನಡೆದು ಅಭ್ಯಾಸವಿದ್ದವರಿಗೆ ಕಷ್ಟವಲ್ಲ. ಪ್ರವಾಸಿ ಫೋಟೊಗಳಲ್ಲಿ ಇದರಷ್ಟೇ ಕಾಣಿಸಿಕೊಳ್ಳುವ ಟ್ರೋಲ್‌ತುಂಗಾ ಬಂಡೆ ಮಾತ್ರ ಬೇರೆಯೇ ಮಾತು. ಶೆಗ್ಗೆಡಾಲ್‌ನಿಂದ ನಡೆದರೆ ಹೋಗಿಬರಲು 27 ಕಿ.ಮೀ. ಆಸುಪಾಸು, ಹತ್ತರಿಂದ ಹನ್ನೆರಡು ತಾಸು. ಅಲ್ಲಿನ ಪರ್ವತ ಸುರಕ್ಷತೆಯ ಒಂಬತ್ತು ಸೂತ್ರಗಳಲ್ಲಿ ನನಗೆ ಬಹಳ ಹಿಡಿಸಿದ್ದು, ಸಕಾಲದಲ್ಲಿ ಹಿಂತಿರುಗುವುದರಲ್ಲಿ ನಾಚಿಕೆಯಿಲ್ಲ ಎನ್ನುವುದು. ಮೋಡ ಕವಿದರೆ ಮಕ್ಕಳೊಂದಿಗೆ ಹೋದವರು ಇದನ್ನು ಪಾಲಿಸಲೇಬೇಕು.

1868ರಲ್ಲಿ ಹುಟ್ಟಿದ ಅಲ್ಲಿನ ಚಾರಣ ಸಂಘ ಬೆಟ್ಟಗಳಲ್ಲಿ 500ಕ್ಕೂ ಹೆಚ್ಚು ತಂಗುಮನೆಗಳನ್ನು ನಡೆಸುತ್ತದೆ. ಹಲವು ಮನೆಗಳಲ್ಲಿ ನೋಡಿಕೊಳ್ಳುವವರೇ ಇರುವುದಿಲ್ಲ! ಸದಸ್ಯರು ಬೀಗದ ಕೈ ಪಡೆದು ಹೋಗುತ್ತಾರೆ, ಒಲೆ ಹಚ್ಚುತ್ತಾರೆ, ಉಗ್ರಾಣದಿಂದ ಬೇಕಾದ್ದು ತೆಗೆದು ಬೇಯಿಸಿಕೊಳ್ಳುತ್ತಾರೆ. ತಿಂದದ್ದನ್ನೂ ತಂಗಿದ್ದನ್ನೂ ತಾವೇ ಬರೆದು ಹಣ ಸಲ್ಲಿಸುತ್ತಾರೆ. ಹೊರಡುವ ಮುನ್ನ ಪಾತ್ರೆ ತೊಳೆದು, ಮುಂದೆ ಬರುವವರಿಗೆ ಸೌದೆ ಒಡೆದಿಟ್ಟು ಹೋಗುವುದು ರೂಢಿ. ಹೊರದೇಶದವರೂ ಸದಸ್ಯರಾಗಬಹುದು. ಬೆಟ್ಟದ ಮೇಲೆ ಒಬ್ಬರು ಇನ್ನೊಬ್ಬರನ್ನು ಇಷ್ಟು ನಂಬುವ ವ್ಯವಸ್ಥೆ ಇಷ್ಟು ಕಾಲ ಬಾಳಿರುವುದು ನನ್ನ ಪಾಲಿಗೆ ಯಾವ ಫ್ಯೋರ್ಡ್‌ಗೂ ಕಡಿಮೆಯಿಲ್ಲದ ನೋಟ.

ಬೇಸಾಯವಿಲ್ಲದ ಬಯಲಿನಲ್ಲಿ ಯಾರು ಬೇಕಾದರೂ ಡೇರೆ ಹಾಕಬಹುದು ಎಂಬ ಹಕ್ಕನ್ನು 1957ರ ಕಾನೂನು ಕೊಟ್ಟಿದೆ. ಹತ್ತಿರದ ಮನೆಯಿಂದ 150 ಮೀಟರ್ ದೂರವಿರಬೇಕು. ಎರಡು ರಾತ್ರಿಗಿಂತ ಹೆಚ್ಚು ತಂಗಲು ಸಾಮಾನ್ಯವಾಗಿ ಜಮೀನಿನ ಒಡೆಯರ ಒಪ್ಪಿಗೆ ಬೇಕು. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲೂ ಕಾಡಿನಂಚಿನಲ್ಲೂ ಬೆಂಕಿ ಹಚ್ಚುವಂತಿಲ್ಲ.

ನಾರ್ತ್ ಕೇಪ್ ಯೂರೋಪಿನ ಉತ್ತರದ ತುದಿಯೇ? ಅಲ್ಲ! ಅದಿರುವ ದ್ವೀಪದಲ್ಲೇ ಪಕ್ಕದ ಕ್ನಿವ್‌ಶೆಲ್ಲೊಡನ್ ಎಂಬ ತಗ್ಗು ಚಾಚು ಸುಮಾರು ಒಂದೂವರೆ ಕಿ.ಮೀ. ಹೆಚ್ಚು ಉತ್ತರಕ್ಕಿದೆ. ಅಲ್ಲಿಗೆ ಬಸ್ಸಿಲ್ಲ, ಹೋಗಿಬರಲು 18 ಕಿ.ಮೀ. ನಡೆಯಬೇಕು. ಆದರೂ ಕಡಲಿನಿಂದ 307 ಮೀಟರ್ ಮೇಲೆದ್ದಿರುವ ನಾರ್ತ್ ಕೇಪ್ ಬಂಡೆಯೇ ಜನರನ್ನು ಸೆಳೆಯುತ್ತಾ ಬಂದಿದೆ. 1664ರಲ್ಲಿ ಇಟಲಿಯ ಪಾದ್ರಿ ಫ್ರಾನ್ಸೆಸ್ಕೊ ನೆಗ್ರಿ ಅಲ್ಲಿಗೆ ತಲುಪಿದ್ದ. 1907ರಲ್ಲಿ ಸಿಯಾಮ್‌ನ ದೊರೆ ಚುಲಲಾಂಗ್‌ಕಾರ್ನ್ ಬಂದಿದ್ದ. ದಾರಿಯಲ್ಲಿ ಹಿಮಸಾರಂಗಗಳು ರಸ್ತೆಗಿಳಿದರೆ ಗಾಡಿ ನಿಲ್ಲಿಸಿ ಕಾಯಿರಿ. ಅವು ಕಾಡುಪ್ರಾಣಿಗಳಲ್ಲ, ಬೇಸಿಗೆ ಮೇವಿಗೆ ಕರಾವಳಿಗೆ ಬಂದ, ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ಮಂದೆಗಳು.

ಬರ್ಗೆನ್‌ಗೆ ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ಮಳೆ. ಟ್ರೊಮ್ಸೊದಲ್ಲಿ ಜುಲೈನ ಸರಾಸರಿ ಉಷ್ಣತೆ 12 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ. ಒಂದೇ ಭಾರೀ ಕೋಟಿನ ಬದಲು ತೆಳು ಉಣ್ಣೆ ಬಟ್ಟೆ, ಸ್ವೆಟರ್, ಮೇಲೊಂದು ನೀರು ತಡೆಯುವ ಜರ್ಕಿನ್ ಇರಲಿ. ಗಾಳಿಗೆ ಕೊಡೆ ನಿಲ್ಲುವುದಿಲ್ಲ.

ಊಟ ದುಬಾರಿ, ನಲ್ಲಿ ನೀರು ಉಚಿತ, ಶುದ್ಧ. ಬಾಟಲಿ ನೀರು ಕೊಳ್ಳಬೇಕಿಲ್ಲ. ಭಾನುವಾರ ದೊಡ್ಡ ದಿನಸಿ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ. ಅಡುಗೆಮನೆ ಇರುವ ಕೋಣೆ ಹಿಡಿದರೆ ಸಸ್ಯಾಹಾರಿಗಳಿಗೆ ನೆಮ್ಮದಿ. ಹಾಲೊಡೆದ ನೀರನ್ನು ತಾಸುಗಟ್ಟಲೆ ಕುದಿಸಿ ಮಾಡುವ ಕಂದು ಚೀಸ್ ಸಿಹಿಯಾಗಿರುತ್ತದೆ, ಕಣ್ಣು ಮುಚ್ಚಿ ತಿಂದರೆ ನಮ್ಮ ಖೋವಾ ನೆನಪಾಗುತ್ತದೆ. ಜೂನ್, ಜುಲೈನಲ್ಲಿ ರಸ್ತೆ ಬದಿ ಸ್ಟ್ರಾಬೆರಿ ಮಾರುತ್ತಾರೆ. ದೀರ್ಘ ಹಗಲು, ತಂಪು ಹವೆಯಲ್ಲಿ ನಿಧಾನವಾಗಿ ಮಾಗಿದ ಹಣ್ಣು, ತಪ್ಪಿಸಬೇಡಿ.

ನಾರ್ವೆ ಐರೋಪ್ಯ ಒಕ್ಕೂಟದಲ್ಲಿಲ್ಲ. 1972 ಮತ್ತು 1994ರಲ್ಲಿ ಅಲ್ಲಿನ ಜನ ಮತ ಹಾಕಿ ಬೇಡವೆಂದರು. ಹಣ ಕ್ರೋನರ್, ಯೂರೋ ಅಲ್ಲ. ವೀಸಾ ಮಾತ್ರ ಷೆಂಗೆನ್. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಬೇಸಿಗೆಯ ನೂಕುನುಗ್ಗಲಿನಲ್ಲಿ ಬೇಗ ಹಾಕುವುದೇ ಲೇಸು. 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ.

ನಾರ್ತ್ ಕೇಪ್‌ಗಿಂತಲೂ ಉತ್ತರಕ್ಕೆ, ಸ್ವಾಲ್‌ಬಾರ್ಡ್ ದ್ವೀಪಸಮೂಹದ ನಿ-ಓಲೆಸುಂಡ್‌ನಲ್ಲಿ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವಿದೆ, 2008ರಲ್ಲಿ ಆರಂಭವಾದದ್ದು. ಉತ್ತರ ಧ್ರುವ ಅಲ್ಲಿಂದ ಸುಮಾರು 1,200 ಕಿ.ಮೀ. ಹಡಗಿನಲ್ಲಿ ಬಂದು ಆ ಊರಲ್ಲಿ ಇಳಿಯುವವರು ಮೊಬೈಲ್‌ನ ವೈ-ಫೈ, ಬ್ಲೂಟೂತ್ ಆರಿಸಬೇಕು, ಸೂಕ್ಷ್ಮ ಉಪಕರಣಗಳಿಗೆ ಅಡ್ಡಿಯಾಗುತ್ತದೆ. ಹಿಮಕರಡಿಗಳ ನಾಡಾದ್ದರಿಂದ ಊರ ಗಡಿ ದಾಟಿ ಹೋಗಲು ಬಂದೂಕು ಹಿಡಿದ ಮಾರ್ಗದರ್ಶಕರ ಜೊತೆ ಬೇಕು. ಆ ದ್ವೀಪಗಳಿಗೆ ಹೋಗಲು ಯಾವ ದೇಶದವರಿಗೂ ವೀಸಾ ಬೇಡ, ಆದರೆ ಅವು ಷೆಂಗೆನ್ ಗಡಿಯ ಹೊರಗಿವೆ. ಓಸ್ಲೊದಿಂದ ಅಲ್ಲಿಗೆ ಹೋಗಿ ಮರಳುವಾಗ ನೀವು ಷೆಂಗೆನ್ ವಲಯವನ್ನು ಎರಡನೇ ಬಾರಿ ಪ್ರವೇಶಿಸಿದಂತೆ. ಅರ್ಜಿ ತುಂಬುವಾಗಲೇ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶ ಬೇಕೆಂದು ಗುರುತು ಹಾಕಿ, ವೀಸಾ ಕೈಗೆ ಬಂದಾಗ ಅದರಲ್ಲಿ ಹಾಗೆಯೇ ಮುದ್ರಿತವಾಗಿದೆಯೇ ಎಂದು ನೋಡಿಕೊಳ್ಳಿ.