ವಾಲಿ ಯಾಕೆ ಸಿಗಲ್ಲ?

ಕೆಂಪು-ಬಿಳಿ ಪಟ್ಟೆ ಶರ್ಟು, ಟೋಪಿ, ಕನ್ನಡಕ. 1987ರಲ್ಲಿ ಬ್ರಿಟನ್ನಿನ ಮಾರ್ಟಿನ್ ಹ್ಯಾಂಡ್‌ಫರ್ಡ್ ಬರೆದ ವಾಲಿ ಇವನೇ. ಇಷ್ಟು ಎದ್ದು ಕಾಣೋ ಆಸಾಮಿ ಜಾತ್ರೆಯಂಥ ಚಿತ್ರದಲ್ಲಿ ಯಾಕೆ ಸಿಗಲ್ಲ?

ಹಸಿರು ಚುಕ್ಕೆಗಳ ಮಧ್ಯೆ ಒಂದೇ ಕೆಂಪು ಚುಕ್ಕೆ ಇದ್ರೆ ತಕ್ಷಣ ಕಣ್ಣಿಗೆ ಬೀಳುತ್ತೆ. ಬಣ್ಣ, ಆಕಾರ ಎರಡನ್ನೂ ಸೇರಿಸಿ ಹುಡುಕಬೇಕಾದ್ರೆ ಮಾತ್ರ ಒಂದೊಂದನ್ನೇ ನೋಡ್ತಾ ಹೋಗ್ಬೇಕು, ನಮ್ಮ ಲೀನಿಯರ್ ಸರ್ಚ್ ಥರ. ಆನ್ ಟ್ರೀಸ್‌ಮನ್, ಗ್ಯಾರಿ ಗೆಲೇಡ್ 1980ರಲ್ಲೇ ಇದನ್ನ ಹೇಳಿದ್ರು. ಹ್ಯಾಂಡ್‌ಫರ್ಡ್ ಕಿತಾಪತಿಯೂ ಅದೇ: ಪುಟದಲ್ಲೆಲ್ಲ ಕೆಂಪು-ಬಿಳಿ ಪಟ್ಟೆಯ ಬೇರೆ ಬಟ್ಟೆಬರೆ ಹರಡಿಬಿಡ್ತಾರೆ.

ಸಮುದ್ರತೀರದ ಚಿತ್ರ ಹಿಡ್ಕೊಂಡು ಹಾಸ್ಟೆಲ್ಲಲ್ಲಿ ಇಪ್ಪತ್ತು ನಿಮಿಷ ಕೂತಿದ್ದೆ. (ಮರುದಿನ ಇಂಟರ್ನಲ್ಸ್, ಅದು ಬಿಡಿ.) ಅಷ್ಟರಲ್ಲಿ ರೂಮ್‌ಮೇಟ್ ಬೆರಳಿಟ್ಟು ತೋರಿಸಿಬಿಟ್ಟ. ಈಗ ಆ ಪುಟ ತೆಗೆದ್ರೆ ವಾಲಿಯೇ ಮೊದಲು ಕಾಣ್ತಾನೆ, ಹುಡುಕೋಕೆ ಏನೂ ಉಳಿದಿಲ್ಲ. ಅವನ ಮೇಲೆ ಇನ್ನೂ ಸಿಟ್ಟಿದೆ.